ತಬಕ್ಕ ಮತ್ತು ಆ ಒಬ್ಬ ಸಹೋದರಿ

ತಬಿಥಾ ಇಸಾಕ, ನಮ್ಮೆಲ್ಲರ ತಬಕ್ಕ, ಕಳೆದ ಮಂಗಳವಾರ ಬೆಳಿಗ್ಗೆ ಶಿರಸಿಯಲ್ಲಿ ತೀರಿಕೊಂಡಳು. ಹೃದಯಾಘಾತ. ವಯಸ್ಸು ಐವತ್ತೇಳು. ಗಂಡ ಇಸಾಕ ಅಯ್ಯನವರು ಅಲ್ಲಿಯ ಒಂದು ಸಣ್ಣ ಚರ್ಚಿನ ಪಾಸ್ಟರ್. ಒಬ್ಬಳೇ ಮಗಳು ಮಂಗಳೂರಿನಲ್ಲಿ ನರ್ಸ್. ಊರಿನ ಪತ್ರಿಕೆಯ ಮೂಲೆಯಲ್ಲಿ ‘ಪಾಸ್ಟರ್ ಇಸಾಕರ ಧರ್ಮಪತ್ನಿ ನಿಧನ’ ಎಂದು ಬಂದಿತ್ತು. ಸತ್ತವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ತಬಕ್ಕ ಇದ್ದಿದ್ದರೆ ಆ ತುಣುಕಿನ ಫೋಟೋ ಹೊಡೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ನಗುವ ಮುಖಗಳ ಸಾಲು ಹಚ್ಚುತ್ತಿದ್ದಳು.

ನಾನೂ ಪಾಸ್ಟರನ ಹೆಂಡತಿ, ಯಲ್ಲಾಪುರದಲ್ಲಿ. ಈ ಕೆಲಸಕ್ಕೆ ನೇಮಕಾತಿ ಇಲ್ಲ, ರಜೆ ಇಲ್ಲ, ನಿವೃತ್ತಿಯೂ ಇಲ್ಲ. ಭಾನುವಾರ ಮಕ್ಕಳಿಗೆ ಪಾಠ, ಬುಧವಾರ ಸ್ತ್ರೀಯರ ಕೂಟ. ಯಾರ ಮನೆಯಲ್ಲಿ ಸಾವಾದರೂ ಮೊದಲ ಚಹಾ ನಮ್ಮ ಮನೆಯಿಂದ ಹೋಗಬೇಕು. ಹೊಸ ಸೀರೆ ಉಟ್ಟರೆ ಕಾಣಿಕೆ ಡಬ್ಬಿಯ ಕಡೆ ನೋಡುತ್ತಾರೆ, ಹಳೆಯದು ಉಟ್ಟರೆ ಚರ್ಚಿನ ಸಭೆಯ ಮರ್ಯಾದೆ ಹೋಯಿತು ಎನ್ನುತ್ತಾರೆ. ನಮ್ಮ ಕಷ್ಟವನ್ನು ಸಭೆಯವರಲ್ಲಿ ಹೇಳಿಕೊಳ್ಳುವಂತಿಲ್ಲ. ಹೇಳಿದರೆ ಮುಂದಿನ ಭಾನುವಾರದೊಳಗೆ ಅದು ಎಲ್ಲರ ಪ್ರಾರ್ಥನೆಯಲ್ಲೂ ಇರುತ್ತದೆ.

ಕೊರೊನಾ ಕಾಲದಲ್ಲಿ ಆರಾಧನೆ ಮೊಬೈಲಿಗೆ ಬಂದಾಗ, ಗಂಡಂದಿರ ಪ್ರಸಂಗವನ್ನು, ಅಂದರೆ ಪ್ರವಚನವನ್ನು, ಚಿತ್ರೀಕರಿಸುವ ಕೆಲಸವೂ ನಮ್ಮ ತಲೆಗೇ ಬಂತು. ಫೋನನ್ನು ಅಕ್ಕಿ ಡಬ್ಬಿಗೆ ಆನಿಸಿದರೆ ಅಯ್ಯನವರ ಗದ್ದ ಮಾತ್ರ ಕಾಣುತ್ತದೆ, ಏನು ಮಾಡುವುದು ಎಂದು ತಬಕ್ಕ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದಳು. ಕೇಳಿ ಕೇಳಿ ಸಾಕಾಗಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪಾಸ್ಟರುಗಳ ಹೆಂಡಂದಿರು ಮಾತ್ರ. ಹೆಸರು ‘ಹಿತ್ತಲ ಬಾಗಿಲು’.

“ಮುಂಬಾಗಲಾ ಸಭಿಯವ್ರದು. ಹಿತ್ತಲ ಬಾಗಲಾದ್ರೂ ನಮಗಿರ್ಲಿ,” ಎಂದಳು. ಹಾನಗಲ್ ಕಡೆಯ ಹೆಣ್ಣು. ಶಿರಸಿಯಲ್ಲಿ ಇಪ್ಪತ್ತು ವರ್ಷ ಕಳೆದರೂ ಅವಳ ಮಾತು ಘಟ್ಟದ ಗಾಳಿಗೆ ಮೆತ್ತಗಾಗಲಿಲ್ಲ.

ಗುಂಪು ನಿಲ್ಲುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಕಾರಣ ನಮ್ಮ ಗಂಡಂದಿರು. ಅವರಲ್ಲಿ ಕೆಲವರು ದೀಕ್ಷಾಸ್ನಾನಕ್ಕೆ ನೀರಿನಲ್ಲಿ ಪೂರ್ತಿ ಮುಳುಗಿಸುವವರು, ಕೆಲವರು ತಲೆಯ ಮೇಲೆ ಚಿಮುಕಿಸುವವರು. ಎರಡೂ ಕಡೆಯವರು ಒಂದೇ ಬಸ್ಸು ಹತ್ತಬಹುದು, ಒಂದೇ ಸೀಟಿನಲ್ಲಿ ಕೂರುವುದು ಕಷ್ಟ. ಮೊದಲ ವಾರವೇ ಗುಂಪಿನಲ್ಲಿ ಯಾರೋ ಈ ಮಾತು ಎತ್ತಿದರು. ತಬಕ್ಕನ ಉತ್ತರ ಕೂಡಲೇ ಬಂತು: “ಮುಳುಗಿಸ್ಲಿ, ಚಿಮುಕಿಸ್ಲಿ, ಹಸಿ ಅರಿವಿ ಹಿಂಡೋರು ನಾವ ಅಲ್ಲೇನು?” ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಅವಳು ಕೆಲವು ಕಟ್ಟಳೆ ಹಾಕಿದಳು. ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸಬಾರದು. ಗಂಡನ ಪ್ರಸಂಗವನ್ನು ಹೊಗಳಬಾರದು, ಬೈಯಬಹುದು. ಕೈ ಮುಗಿಯುವ ಚಿತ್ರ ಒತ್ತಿ, ಪ್ರಾರ್ಥನೆ ಮಾಡಿದೆ ಎಂದು ಹೇಳಬಾರದು. ಇದ್ಯಾವುದನ್ನೂ ನಾವು ಪಾಲಿಸಲಿಲ್ಲ.

ಇನ್ನೊಂದು ರೂಢಿ ಅವಳಿಗೆ ದೊಡ್ಡ ತಲೆನೋವಾಗಿತ್ತು. ನಮ್ಮಲ್ಲಿ ಪ್ರಾರ್ಥನೆಗೆ ಕೋರುವಾಗ ಹೆಸರು ಹೇಳುವುದಿಲ್ಲ. ‘ಒಬ್ಬ ಸಹೋದರಿಗೆ ಸೊಂಟ ನೋವು, ಪ್ರಾರ್ಥಿಸಿ.’ ‘ಒಬ್ಬ ಸಹೋದರಿಯ ಅತ್ತೆ ಬಂದು ತಿಂಗಳಾಯಿತು, ಹೋಗುವ ಲಕ್ಷಣವಿಲ್ಲ, ಪ್ರಾರ್ಥಿಸಿ.’ ಬರೆದವಳೇ ಆ ಸಹೋದರಿ ಎಂದು ಎಲ್ಲರಿಗೂ ಗೊತ್ತು. ಆದರೂ ಕೇಳುವಂತಿಲ್ಲ. ಅದು ಮರ್ಯಾದೆ.

ಒಂದು ದಿನ ತಬಕ್ಕ ಧ್ವನಿ ಸಂದೇಶ ಕಳಿಸಿದಳು: “ಯಾರವಾ ಅಕಿ, ಒಬ್ಬ ಸಹೋದರಿ? ಸೊಂಟನೋವು ಅಕಿಗೆ, ಸಕ್ರಿ ಕಾಯಿಲೆ ಅಕಿಗೆ, ಊರಾಗಿನ ಅತ್ತಿಗೋಳೆಲ್ಲಾ ಅಕಿ ಮನಿಗೇ. ಪಾಪ, ಅಕಿ ನಂಬರ್ ಕೊಡ್ರಿ. ಅಕಿನ್ನೂ ಗ್ರೂಪಿಗೆ ಸೇರಸ್ತೇನಿ.”

ನಾವು ನಕ್ಕೆವು, ‘ನಾನು’ ಎಂದು ಬರೆಯಲು ಮಾತ್ರ ಯಾರಿಗೂ ಕೈ ಬರಲಿಲ್ಲ. ಕೊನೆಗೆ ಅವಳೇ ಶುರು ಮಾಡಿದಳು.

“ಸರಿ, ನಾ ಹೇಳ್ತೇನಿ ಕೇಳ್ರಿ. ಒಂದ್ ವರ್ಷ ಪ್ರಭುಭೋಜನದ ರಸಕ್ಕ ಕರಿ ದ್ರಾಕ್ಷಿ ಸಿಗಲಿಲ್ಲ. ಶನಿವಾರ ಪ್ಯಾಟಿ ಪೂರಾ ತಿರುಗಿದೆ. ಮನ್ಯಾಗ ಹುಳಿ ಮುರುಗಲ ಹಣ್ಣಿನ ರಸ ಇತ್ತು. ಬಣ್ಣ ಥೇಟ್ ಹಂಗ ಇತ್ತವಾ! ಸಕ್ರಿ ಹಾಕಿ ಇಟ್ಟೆ. ಸಕ್ರಿ ಸಾಲಲಿಲ್ಲ. ಸಭಿಯವ್ರು ಒಬ್ಬೊಬ್ರ ಕುಡದು ಕಣ್ಣ ಮುಚ್ಚಿದ್ರು. ನಮ್ಮವ್ರು ನೋಡಿ, ಇವತ್ತ ಜನಕ್ಕ ಭಾಳ ಭಕ್ತಿ ಬಂದೈತಿ ಅಂತ ಇನ್ನೊಂದ್ ತಾಸು ಪ್ರಸಂಗ ಮಾಡಿದ್ರು. ಇದು ಇವತ್ತಿನ ತನಕ ಅವ್ರಿಗೆ ಗೊತ್ತಿಲ್ಲ. ಈಗ ನಿಮ್ಮ ಸರದಿ.”

ಆ ದಿನ ಗುಂಪಿನ ಬಾಗಿಲು ನಿಜವಾಗಿ ತೆರೆಯಿತು. ಆರಾಧನೆಯ ನಡುವೆ ಗೊರಕೆ ಹೊಡೆದದ್ದು ನಾನು ಎಂದು ಒಬ್ಬಳು, ಸಭೆಯ ಹಿರಿಯರಿಗೆ ನಿನ್ನೆಯ ಚಟ್ನಿ ಬಡಿಸಿದ್ದು ನಾನು ಎಂದು ಇನ್ನೊಬ್ಬಳು. ಸಣ್ಣಪುಟ್ಟದ್ದಕ್ಕೆಲ್ಲ ‘ನಾನು’ ಬಂತು. ದೊಡ್ಡದಕ್ಕೆ ಮಾತ್ರ ಆ ‘ಒಬ್ಬ ಸಹೋದರಿ’ಯೇ ಉಳಿದಳು.

ಈ ಸಲ ಕ್ರಿಸ್ಮಸ್ ಮುಗಿದ ಮೇಲೆ ಚೇತನಾ ನನಗೆ ಫೋನ್ ಮಾಡಿದಳು. ಚೇತನಾ ಸಿದ್ದಾಪುರದ ಹೊಸ ಸಭೆಯ ಪಾಸ್ಟರ್ ವಿನೋದನ ಹೆಂಡತಿ. ಇನ್ನೂ ಚಿಕ್ಕ ವಯಸ್ಸು. ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ ಅವರ ಆರಾಧನೆ. ಕೀಬೋರ್ಡು, ಮಕ್ಕಳ ಪಾಠ, ಚಹಾ, ಕಸಬರಿಗೆ ಎಲ್ಲ ಅವಳದೇ. ನಾಲ್ಕನೇ ತಿಂಗಳಲ್ಲಿ ಅವಳ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಬಸುರಿ ಎಂದೇ ಸಭೆಗೆ ಹೇಳಿರಲಿಲ್ಲ, ಹೋದದ್ದನ್ನು ಹೇಗೆ ಹೇಳುವುದು? ಊರವರ ಮಕ್ಕಳಿಗೆಲ್ಲ ಪ್ರಾರ್ಥನೆ ಮಾಡುವ ಪಾಸ್ಟರನ ಮನೆಯಲ್ಲೇ ಹೀಗಾಯಿತಂತೆ ಎಂಬ ಮಾತು ಬರುತ್ತದೆ. ವಾರ ಕಳೆಯುವ ಮೊದಲೇ ಅವಳು ಕೀಬೋರ್ಡಿನ ಮುಂದೆ ಕೂತಿದ್ದಳು. ಊಟ ಸೇರುತ್ತಿರಲಿಲ್ಲ. ಉಮ್ಮಚಗಿಯ ತವರಿಗೆ ಹೋಗಿ ಒಂದು ತಿಂಗಳು ತಾಯಿಯ ಹತ್ತಿರ ಮಲಗಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದನ್ನು ಗಂಡನಲ್ಲೂ ಕೇಳಿರಲಿಲ್ಲ.

“ನಾ ಹೋದ್ರೆ ಸಭೆ ನಡಿಯೂದು ಹೆಂಗೆ ಅಕ್ಕಾ? ನೀವೇ ಗ್ರೂಪಲ್ಲಿ ಹಾಕಿ. ನನ್ನ ಹೆಸರು ಬ್ಯಾಡ,” ಎಂದಳು.

ನಾನು ಹಾಕಿದೆ. ‘ಒಬ್ಬ ಸಹೋದರಿ ಮಗುವನ್ನು ಕಳೆದುಕೊಂಡಿದ್ದಾಳೆ. ಊಟ ಬಿಟ್ಟಿದ್ದಾಳೆ. ತವರಿಗೆ ಹೋಗಬೇಕೆಂದಿದ್ದಾಳೆ, ಕೇಳುವ ಧೈರ್ಯವಿಲ್ಲ. ಪ್ರಾರ್ಥಿಸಿ.’ ಒಂದರ ಹಿಂದೊಂದು ಕೈ ಮುಗಿಯುವ ಚಿತ್ರ ಬಂದವು. ತಬಕ್ಕನಿಂದ ಏನೂ ಬರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವಳೇ ಬಂದಳು, ಯಲ್ಲಾಪುರದ ನಮ್ಮ ಮನೆಗೆ. ನಾನು ಮುಂಬಾಗಿಲಲ್ಲಿ ನಿಂತು ಕರೆಯುತ್ತಿದ್ದರೂ ಸುತ್ತು ಹಾಕಿ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ನನ್ನನ್ನು ಹಿಡಿದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಡಬ್ಬಿ ಬಿಚ್ಚಿದಳು. ಅಂಟಿನ ಉಂಡೆ. ಅವಳ ಊರ ಕಡೆ ಬಾಣಂತಿಗೆ ಕೊಡುವಂಥದ್ದು.

“ತಿನ್ರಿ ಅಕ್ಕೋರೆ. ಅಳಬೇಕಂದ್ರ ಅತ್ತು ತಿನ್ರಿ.” ನಾನು ಮೊದಲು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆನಾದ್ದರಿಂದ ಅವಳಿಗೆ ಯಾವಾಗಲೂ ಅಕ್ಕೋರು.

ಬರೆದವಳೇ ಸಹೋದರಿ ಎಂಬ ನಮ್ಮ ರೂಢಿಯಂತೆ ಅವಳು ಲೆಕ್ಕ ಹಾಕಿದ್ದಳು. ನನಗೆ ನಗು ತಡೆಯಲಿಲ್ಲ. “ತಬಕ್ಕಾ, ನನಗೆ ಐವತ್ತು ದಾಟಿತು! ಮಗ ಕಾಲೇಜಿಗೆ ಹೋಗುತ್ತಾನೆ!”

“ಕೂಸಾದಾಗ ಸಾರಳಿಗೆ ತೊಂಬತ್ತಾಗಿತ್ತಲ್ರಿ,” ಎಂದಳು ಬೈಬಲಿನ ಆಧಾರ ಹಿಡಿದು. ಆಮೇಲೆ ಅವಳಿಗೂ ನಗು ಬಂತು. ಇಬ್ಬರೂ ಎಷ್ಟು ನಕ್ಕೆವೆಂದರೆ ನನ್ನ ಗಂಡ ಒಳಗೆ ಇಣುಕಿ ನೋಡಿ, ಚಹಾ ಕೇಳದೆ ಹೊರಟುಹೋದರು.

ನಗು ನಿಂತ ಮೇಲೆ ಅವಳು ಡಬ್ಬಿಯ ಮುಚ್ಚಳ ಹಾಕಿದಳು. “ಹಂಗಾದ್ರ ಯಾರು?”

“ಹೇಳುವ ಹಾಗಿಲ್ಲ ತಬಕ್ಕ.”

“ಹೇಳಬ್ಯಾಡ್ರಿ. ನಿಮ್ಮ ಚಪ್ಪಲಿ ಹಾಕ್ಕೊಂಡು ನನ್ನ ಸಂಗಾಟ ಬರ್ರಿ. ಎಲ್ಲಿ ಇಳೀತೀರಿ ನೋಡ್ತೇನಿ.”

ಸಿದ್ದಾಪುರದಲ್ಲಿ ಇಳಿದೆವು. ಹಾಲ್‌ನ ಹಿಂದಿನ ಎರಡು ಕೋಣೆಯೇ ಚೇತನಾಳ ಮನೆ. ನಮ್ಮನ್ನು ನೋಡಿದ್ದೇ ಚಹಾಕ್ಕೆ ನೀರಿಟ್ಟಳು. ಮುಖ ಬಿಳುಚಿತ್ತು, ಬಾಯಲ್ಲಿ ನಗು ಇತ್ತು. ಅದು ನಮಗೆಲ್ಲ ರೂಢಿಯಾದ ಮುಂಬಾಗಿಲ ನಗು.

“ಎಂತಾ ಇಲ್ಲ ಅಕ್ಕಾ, ಆರಾಮಿದ್ದೆ. ನೀವು ಕೂತ್ಕಳಿ.”

ತಬಕ್ಕ ಒಲೆ ಆರಿಸಿದಳು. ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟಳು. “ಇದು ಬಾಣಂತಿಗೆ ಮಾಡೂದು. ಕೂಸು ಕೈಯಾಗಿಲ್ಲ ಅಂದ್ರ ಬಾಣಂತನ ಇಲ್ಲ ಅಂತ ಯಾವ ಪುಸ್ತಕದಾಗ ಬರದೈತಿ? ನನಗೂ ಮಗಳಿಗಿಂತ ಮೊದಲ ಒಂದಿತ್ತು. ಎಂಟ ದಿನಕ್ಕ ನಾ ಎದ್ದು ಸಭಿಗೆ ಚಹಾ ಕಾಸೇನಿ. ಭಾಳ ಶ್ಯಾಣ್ಯಾಕಿ ಅಂದ್ರು ಎಲ್ಲಾರೂ. ಇವತ್ತಿಗೂ ಆ ಚಹಾದ ಮ್ಯಾಲೆ ನನಗ ಸಿಟ್ಟೈತಿ.”

ಆ ಮಾತನ್ನು ನಾನೂ ಅದೇ ಮೊದಲು ಕೇಳಿದ್ದು.

ಚೇತನಾ ಡಬ್ಬಿಯನ್ನೇ ನೋಡುತ್ತ ನಿಂತಳು. “ಅಕ್ಕಾ, ಆ ಸಹೋದರಿಗೆ…” ಎಂದು ಶುರು ಮಾಡಿದಳು.

“ಯಾರಿಗೆ?”

“ನಂಗೆ,” ಎಂದಳು ಚೇತನಾ. “ನಂಗೆ ಅಮ್ಮನ ಹತ್ರ ಹೋಗ್ಬೇಕು.” ಆಮೇಲೆ ನೆಲದ ಮೇಲೆ ಕೂತು ಅತ್ತಳು. ತಬಕ್ಕನೂ ಪಕ್ಕದಲ್ಲಿ ಕೂತಳು. ಪ್ರಾರ್ಥನೆ ಹೇಳಲಿಲ್ಲ, ಬೈಬಲಿನ ವಾಕ್ಯ ಹೇಳಲಿಲ್ಲ. ಉಂಡೆ ಮುರಿದು ಮುರಿದು ಅವಳ ಬಾಯಿಗೆ ಇಡುತ್ತಿದ್ದಳು.

ವಿನೋದ ಬಂದವನು ಬಾಗಿಲಲ್ಲೇ ನಿಂತ. ಒಳ್ಳೆಯ ಹುಡುಗ. “ತವರಿಗೆ ಹೋಗ್ಬೇಕು ಅಂತ ನಂಗೆ ಹೇಳಲೇ ಇಲ್ಲ ಅಕ್ಕಾ ಇವಳು,” ಎಂದ.

“ನೀ ಕೇಳಿದ್ಯೇನಪಾ?”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹೋಗಲಿ, ಖಂಡಿತ ಹೋಗಲಿ, ಆದರೆ ಭಾನುವಾರದ ಗತಿ ಏನು ಎಂದ. ನಾವು ಬರುತ್ತೇವೆ, ವಾರಕ್ಕೊಬ್ಬರು, ಎಂದಳು ತಬಕ್ಕ. ವಿನೋದನಿಗೆ ಇಕ್ಕಟ್ಟಾಯಿತು. ಅವನದು ಮುಳುಗಿಸುವ ಸಭೆ. ನಾವಿಬ್ಬರೂ ಚಿಮುಕಿಸುವ ಕಡೆಯವರು.

“ನಮ್ಮ ಸಭೆಯವರು ಎಂತ ಹೇಳ್ತಾರೋ ಅಕ್ಕಾ…”

“ನಿನ್ನ ಆ ಕೀಬೋರ್ಡ್ ಐತಲ್ಲ, ಅದನ್ನ ಮುಳುಗಿಸೀಯೋ, ಚಿಮುಕಿಸೀಯೋ?”

ಅಳುತ್ತಿದ್ದ ಚೇತನಾ ಫಕ್ಕನೆ ನಕ್ಕಳು. ಅಲ್ಲಿಗೆ ಅದು ತೀರ್ಮಾನವಾಯಿತು. ಮರುದಿನವೇ ಅವಳು ಉಮ್ಮಚಗಿಗೆ ಹೋದಳು. ಪಾಸ್ಟ್ರಮ್ಮನಿಗೆ ಮೈ ಸರಿಯಿಲ್ಲ, ಒಂದು ತಿಂಗಳು ಬರುವುದಿಲ್ಲ ಎಂದು ವಿನೋದ ಸಭೆಯಲ್ಲಿ ತಾನೇ ಎದ್ದು ಹೇಳಿದ. ಯಾರೂ ಏನೂ ಕೇಳಲಿಲ್ಲವಂತೆ. ಒಬ್ಬ ಮುದುಕಿ ಮಾತ್ರ ಕೋಳಿಮೊಟ್ಟೆ ತಂದುಕೊಟ್ಟು, ಅವಳಿಗೆ ತಲುಪಿಸಿ ಎಂದಳಂತೆ.

ಆ ತಿಂಗಳು ಸಿದ್ದಾಪುರದ ಆ ಸಭೆ ನೋಡುವ ಹಾಗಿತ್ತು. ಒಬ್ಬಳು ಬಂದು ಹಾಡನ್ನು ಎಳೆದು ಎಳೆದು ಹಾಡಿಸಿದರೆ, ಮುಂದಿನ ವಾರದವಳು ಅದೇ ಹಾಡನ್ನು ಚಪ್ಪಾಳೆ ತಟ್ಟಿ ಓಡಿಸುತ್ತಿದ್ದಳು. ನಾನು ಹೋದ ವಾರ ಮಕ್ಕಳಿಗೆ ಒತ್ತಕ್ಷರ ತಿದ್ದಿ ಅವರ ಶಾಪಕ್ಕೆ ಗುರಿಯಾದೆ. ಕೊನೆಯ ಭಾನುವಾರ ತಬಕ್ಕನದು. ಅವಳಿಗೆ ಕೀಬೋರ್ಡು ಬರುತ್ತಿರಲಿಲ್ಲ. ಸ್ಟೀಲ್ ತಟ್ಟೆಗೆ ಚಮಚ ಬಡಿದು ತಾಳ ಹಾಕಿದಳು. ಇದೇ ಚೆನ್ನಾಗಿದೆ ಎಂದು ಮಕ್ಕಳ ತೀರ್ಪು.

ಈ ನಡುವೆ ಉಮ್ಮಚಗಿಯಿಂದ ಗುಂಪಿಗೆ ಫೋಟೋ ಬರುತ್ತಿದ್ದವು. ಗಂಜಿಯ ಬಟ್ಟಲು, ಆಮೇಲೆ ಅನ್ನ ಸಾರು, ಆಮೇಲೆ ಮೀನು. ಕೆಳಗೆ ‘ನಾನು ಇವತ್ತು ಎರಡನೇ ಸಲ ಬಡಿಸಿಕೊಂಡೆ’ ಎಂದು ಬರೆದಿರುತ್ತಿತ್ತು. ತಬಕ್ಕ ಕೈ ಮುಗಿಯುವ ಚಿತ್ರ ಕಳಿಸಿದ್ದನ್ನು ನಾನು ಮೊದಲ ಸಲ ನೋಡಿದ್ದು ಅದಕ್ಕೆ.

ಹೋದ ಸೋಮವಾರ ಚೇತನಾ ಸಿದ್ದಾಪುರಕ್ಕೆ ಮರಳಿದಳು. ಅಡುಗೆಮನೆಯಲ್ಲಿ ತಬಕ್ಕ ಹಿಂದಿನ ದಿನ ಹೆಪ್ಪು ಹಾಕಿಟ್ಟ ಮೊಸರು ಗಟ್ಟಿಯಾಗಿತ್ತು. ಅದರ ಫೋಟೋವನ್ನೂ ಗುಂಪಿಗೆ ಹಾಕಿ, ‘ನಾನು ಬಂದೆ’ ಎಂದು ಬರೆದಳು.

ಮಂಗಳವಾರ ಬೆಳಿಗ್ಗೆ ಇಸಾಕ ಅಯ್ಯನವರು ಮುಂಡಗೋಡಿನಲ್ಲಿ ಒಂದು ಸಾವಿನ ಮನೆಗೆ ಹೋಗಿದ್ದರು. ತಬಕ್ಕ ಒಬ್ಬಳೇ ಇದ್ದಳು. ಅವಳು ಗುಂಪಿಗೆ ಕಳಿಸಿದ ಧ್ವನಿ ಸಂದೇಶವನ್ನು ಮೊದಲು ಕೇಳಿದವಳು ಚೇತನಾ. ಶಿರಸಿಯ ಆಟೋ ಹನೀಫರ ನಂಬರನ್ನು, ಯಾರಿಗಾದರೂ ಬೇಕಾದೀತು ಎಂದು ತಬಕ್ಕನೇ ಗುಂಪಿನ ಮೇಲ್ತುದಿಯಲ್ಲಿ ಸಿಕ್ಕಿಸಿ ಇಟ್ಟಿದ್ದಳು. ಚೇತನಾ ಅದಕ್ಕೇ ಫೋನ್ ಮಾಡಿದಳು. ಹನೀಫ್ ಸವಾರಿ ಇಳಿಸಿ ಓಡಿ ಬಂದರು. ಹಿತ್ತಲ ಬಾಗಿಲು ತೆರೆದೇ ಇತ್ತಂತೆ. ಎತ್ತಿಕೊಂಡೇ ಹೋದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಸಂದೇಶ ಇನ್ನೂ ಗುಂಪಿನಲ್ಲಿದೆ. ಕೇಳಿದರೆ ಹಿಂದೆ ಕುಕ್ಕರಿನ ಸಿಳ್ಳೆ ಕೇಳುತ್ತದೆ. “ಎಲ್ಲಾರಿಗೂ ವಂದನೆಗಳು. ಒಬ್ಬ ಸಹೋದರಿಗೆ ಎದಿ ಭಾಳ…” ಎಂದು ಶುರು ಮಾಡಿದ್ದಾಳೆ. ಅಲ್ಲಿ ನಿಲ್ಲಿಸಿದ್ದಾಳೆ. ಉಸಿರು ಎಳೆದುಕೊಂಡಿದ್ದಾಳೆ. ಸಣ್ಣಗೆ ನಕ್ಕಿದ್ದಾಳೆ.

“ಅಯ್ಯ, ನನಗರೀ. ನನಗ ಎದಿ ಹಿಡದೈತಿ. ಪ್ರಾರ್ಥನಾ ಆಮ್ಯಾಲೆ ಮಾಡ್ರಿ, ಮೊದ್ಲ ಹನೀಫಗ ಫೋನ್ ಹಚ್ರಿ.”