ನೀಲಾಂಬಿಕೆಯ ನಂಬರಿನ ಇನ್ನೊಂದು ಸ್ಕೂಟರ್

ಶೆಟ್ಟಿಕೊಪ್ಪದ ನೀಲಾಂಬಿಕೆ ಸ್ಕೂಟರ್ ಕಲಿತದ್ದು ತಲೆಕೂದಲು ನೆರೆಯಲು ಶುರುವಾದ ಮೇಲೆ. ಸೀರೆಗಳಿಗೆ ಫಾಲ್ಸ್ ಹಚ್ಚಿ, ಅಂಚಿಗೆ ಪಿಕೋ ಹಾಕಿ, ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ನರಸಿಂಹರಾಜಪುರದ ಬಟ್ಟೆ ಅಂಗಡಿಗಳಿಂದ ಸೀರೆ ತರಲು, ಮುಗಿದದ್ದನ್ನು ಮುಟ್ಟಿಸಲು ಬಸ್ಸು ಕಾದು ಕಾದು ಸಾಕಾಗಿತ್ತು. ಗಂಡ ಕಲ್ಲೇಶಪ್ಪ ಬೇಡವೆಂದರೂ ಕೇಳದೆ ಬೂದು ಬಣ್ಣದ ಸ್ಕೂಟರ್ ಕೊಂಡಳು. ಆದರೆ ಸ್ವಭಾವದಲ್ಲಿ ಅಂಜುಬುರುಕಿ. ಆಚೆಗೆ ನರಸಿಂಹರಾಜಪುರ, ಈಚೆಗೆ ಕೊಪ್ಪ, ಅಷ್ಟೇ ಅವಳ ಗಡಿ.

ಅಂಥವಳ ಮೊಬೈಲಿಗೆ ಒಂದು ಬೆಳಿಗ್ಗೆ ದಂಡದ ಮೆಸೇಜ್ ಬಂತು. ಶಿವಮೊಗ್ಗದ ಸಿಗ್ನಲ್ಲೊಂದರಲ್ಲಿ ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ. ಇದೇನೋ ಮೋಸದ ಮೆಸೇಜ್ ಇರಬೇಕೆಂದು ಮುಟ್ಟದೆ ಬಿಟ್ಟಳು. ಕಾಲೇಜಿನಿಂದ ಬಂದ ಮಗಳು ಕೃತಿಕಾ ಪೊಲೀಸರ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದರೆ ದಂಡ ನಿಜವೇ. ಫೋಟೋ ಕೂಡ ಇತ್ತು. ಬೂದು ಸ್ಕೂಟರ್, ಅದರ ಮೇಲೆ ಯಾರೋ ಇಬ್ಬರು ಹುಡುಗರು, ಹಿಂದೆ ನೀಲಾಂಬಿಕೆಯದೇ ನಂಬರ್.

ದಂಡ ಕಟ್ಟಿ ಕೈ ತೊಳೆದುಕೋ, ಪೊಲೀಸರ ಸಹವಾಸ ನಮಗೆ ಯಾಕೆ ಎಂದ ಕಲ್ಲೇಶಪ್ಪ. ಅವಳಿಗೂ ಅದೇ ಸರಿಯೆನಿಸಿತ್ತು. ಅಷ್ಟರಲ್ಲಿ ಇನ್ನೊಂದು ಬಂತು, ಕೆಂಪು ದೀಪ ದಾಟಿದ್ದಕ್ಕೆ. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಅಂಗಳದಲ್ಲಿ ನಿಂತ ತನ್ನದೇ ಗಾಡಿಯನ್ನು ಕಂಡರೆ, ತನಗೆ ಗೊತ್ತಿಲ್ಲದಂತೆ ಎಲ್ಲೆಲ್ಲಿಗೋ ಹೋಗಿ ಬಂದಿದೆಯೇನೋ ಎನಿಸುತ್ತಿತ್ತು.

ಮೂರನೆಯದು ಮೆಸೇಜ್ ಆಗಿರಲಿಲ್ಲ. ನರಸಿಂಹರಾಜಪುರ ಠಾಣೆಯ ಮಹಿಳಾ ಪೇದೆ ಅಂಬಿಕಾ ಫೋನ್ ಮಾಡಿದ್ದಳು. ಬಾಳೆಹೊನ್ನೂರು ರಸ್ತೆಯಲ್ಲಿ ಇಬ್ಬರು ಒಬ್ಬ ಅಜ್ಜಿಯ ಸರ ಕಿತ್ತುಕೊಂಡು ಓಡಿದ್ದಾರೆ, ಬಿದ್ದ ಅಜ್ಜಿಯ ಸೊಂಟ ಮುರಿದಿದೆ, ಅಲ್ಲಿದ್ದವರು ಹೇಳಿದ ಗಾಡಿ ನಂಬರ್ ನಿಮ್ಮದು, ಗಾಡಿ ಮತ್ತು ಕಾಗದಪತ್ರ ತೆಗೆದುಕೊಂಡು ಬನ್ನಿ ಎಂದಳು.

ನೀಲಾಂಬಿಕೆ ಹುಟ್ಟಿದಾಗಿನಿಂದ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಬೆಂಚಿನ ಮೇಲೆ ಕೂತು ಸೆರಗಿನ ತುದಿ ಹಿಂಡುತ್ತಲೇ ಇದ್ದಳು. ಅಂಬಿಕಾ ಗಾಡಿಯ ಚಾಸಿ ನಂಬರನ್ನು ಕಾಗದದೊಡನೆ ತಾಳೆ ನೋಡಿದಳು. ಆಮೇಲೆ ದಂಡದ ಫೋಟೋ ದೊಡ್ಡದು ಮಾಡಿ ತೋರಿಸಿದಳು. ನೀಲಾಂಬಿಕೆಯ ಗಾಡಿಯ ಹಿಂಬದಿ ಚಕ್ರಕ್ಕೆ ಸೀರೆ ಸಿಕ್ಕದಂತೆ ಕಂಬಿ ಇತ್ತು. ಫೋಟೋದ ಗಾಡಿಗೆ ಇರಲಿಲ್ಲ.

"ಅಕ್ಕಾ, ದಂಡ ಕಟ್ಟಬೇಡಿ," ಎಂದಳು ಅಂಬಿಕಾ. "ಕಟ್ಟಿದ್ರೆ ಆ ಗಾಡಿ ನನ್ನದೇ ಅಂತ ಒಪ್ಕೊಂಡ ಹಾಗಾಗುತ್ತೆ. ನಿಮ್ಮ ನಂಬರ್ ಕದ್ದಿದಾರೆ ಅಂತ ದೂರು ಬರೆದುಕೊಡಿ."

ದೂರು ಬರೆದು, ಸ್ವೀಕೃತಿ ಪಡೆದು ಹೊರಡುವಾಗ ಅಂಬಿಕಾ ಬಾಗಿಲವರೆಗೆ ಬಂದು, ಸರ ಸೆರಗಿನೊಳಗೆ ಇರಲಿ, ಯಾರಾದರೂ ವಿಳಾಸ ಕೇಳಿದರೆ ಗಾಡಿ ನಿಲ್ಲಿಸಬೇಡಿ ಎಂದು ಹೇಳಿ ಕಳಿಸಿದಳು.

ಊರಿನ ದಾರಿಯಲ್ಲಿ ಮನೆಗಳಿಲ್ಲದ ಒಂದು ಉದ್ದನೆಯ ಏರು ಇದೆ. ಅಲ್ಲಿ ಹಿಂದಿನಿಂದ ಒಂದು ಸ್ಕೂಟರಿನ ಸದ್ದು ಕೇಳಿತು. ಅದು ಮುಂದೆ ಹೋಗಲಿಲ್ಲ, ಹಿಂದೆ ಉಳಿಯಲೂ ಇಲ್ಲ, ಪಕ್ಕಕ್ಕೇ ಬಂತು. ಹಿಂದೆ ಕೂತವನು ಕೊಪ್ಪಕ್ಕೆ ಇದೇ ದಾರಿಯಾ ಎಂದು ಕೇಳಿದ. ನೀಲಾಂಬಿಕೆಯ ಕಣ್ಣು ತಾನಾಗಿ ಆ ಗಾಡಿಯ ಮುಂದಿನ ನಂಬರಿನ ಮೇಲೆ ಬಿತ್ತು. ಅವಳದೇ ನಂಬರ್.

ಕುತ್ತಿಗೆಯ ಹತ್ತಿರ ಕೈ ಬಂದದ್ದು ಗೊತ್ತಾಯಿತು. ಸೆರಗು ಸಿಕ್ಕಿತು, ಸರ ಸಿಗಲಿಲ್ಲ. ಪಿನ್ನು ಕಿತ್ತುಬಂದು ಭುಜಕ್ಕೆ ಗೀರಿತು. ಗಾಡಿ ಓಲಾಡಿತು. ಬಿದ್ದರೆ ತನ್ನ ಸೊಂಟವೂ ಮುರಿಯುತ್ತದೆ ಎಂಬ ಒಂದೇ ಯೋಚನೆ ಅವಳಿಗೆ. ಹಾರ್ನ್ ಒತ್ತಿದ ಹೆಬ್ಬೆರಳನ್ನು ತೆಗೆಯಲೇ ಇಲ್ಲ. ಅವಳು ಕೂಗದಿದ್ದರೂ ಗಾಡಿ ಕೂಗುತ್ತಲೇ ಇತ್ತು. ಎದುರಿನ ತಿರುವಿನಲ್ಲಿ ಮರ ತುಂಬಿದ ಲಾರಿಯೊಂದು ಕಾಣಿಸಿದ್ದೇ, ಅವರಿಬ್ಬರೂ ವೇಗ ಹೆಚ್ಚಿಸಿ ಕೊಪ್ಪದ ಕಡೆಗೆ ಹೊರಟುಹೋದರು.

ಲಾರಿಯ ಪಕ್ಕ ಅವಳು ಗಾಡಿ ನಿಲ್ಲಿಸಿದಳು. ಲಾರಿಯವನು ಇಳಿದು ಗಾಡಿ ಹಿಡಿದುಕೊಂಡ. ಅವಳು ಅಂಬಿಕಾಗೆ ಫೋನ್ ಮಾಡಿ, "ನನ್ನ ನಂಬರಿನ ಗಾಡಿ ಕೊಪ್ಪದ ಕಡೆ ಹೋಯ್ತು," ಎಂದಷ್ಟೇ ಹೇಳಿದಳು. ಸಂಜೆಗೆ ಮುಂಚೆ ಕೊಪ್ಪದ ಹತ್ತಿರ ರಸ್ತೆಗೆ ಬ್ಯಾರಿಕೇಡ್ ಅಡ್ಡವಿಟ್ಟು ಪೊಲೀಸರು ಅವರನ್ನು ಹಿಡಿದರು.

ಭಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಠಾಣೆಗೆ ಮತ್ತೆ ಹೋದಾಗ ಅಂಬಿಕಾ ಇನ್ನೊಂದು ಸಂಗತಿ ಹೇಳಿದಳು. ಆ ಹುಡುಗರು ಅವಳನ್ನು ಬಟ್ಟೆ ಅಂಗಡಿಯ ಮುಂದೆ ಎಷ್ಟೋ ದಿನ ನೋಡಿದ್ದರಂತೆ. ತಮ್ಮ ಗಾಡಿಯ ಬಣ್ಣವೇ ಇರುವ ಗಾಡಿ, ಹೆದರಿ ಹೆದರಿ ಓಡಿಸುವ ಹೆಂಗಸು. ದಂಡ ಬಂದರೆ ಸುಮ್ಮನೆ ಕಟ್ಟುತ್ತಾಳೆ ಎಂದು ಲೆಕ್ಕ ಹಾಕಿ ಆ ನಂಬರನ್ನೇ ತಮ್ಮ ಗಾಡಿಗೂ ಬರೆಸಿಕೊಂಡರಂತೆ.

"ನಾನು ಕಟ್ಟೋಳೇ ಇದ್ದೆ," ಎಂದಳು ನೀಲಾಂಬಿಕೆ ಮೆಲ್ಲಗೆ.

ದಂಡಗಳು ರದ್ದಾಗಲು ತಿಂಗಳುಗಳೇ ಹಿಡಿದವು. ಗಂಡನನ್ನು ಕರೆದುಕೊಂಡು ಶಿವಮೊಗ್ಗಕ್ಕೂ ಹೋಗಿ ಬರಬೇಕಾಯಿತು. ಸ್ಕೂಟರ್ ಮಾರಿಬಿಡೋಣವೆಂದು ಕಲ್ಲೇಶಪ್ಪ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಈಗಲೂ ಸೀರೆಯ ಗಂಟು ಕಾಲ ಬಳಿ ಇಟ್ಟುಕೊಂಡು ಹೊರಡುತ್ತಾಳೆ. ಬೆನ್ನ ಹಿಂದೆ ಸ್ಕೂಟರಿನ ಸದ್ದು ಕೇಳಿದರೆ ಮಾತ್ರ ಯಾವುದಾದರೂ ಮನೆಯ ಗೇಟಿನ ಬಳಿ ನಿಂತು, ಅದು ತಿರುವು ದಾಟಿ ಕಣ್ಮರೆಯಾದ ಮೇಲೆಯೇ ಮುಂದೆ ಸಾಗುತ್ತಾಳೆ.