ಎರಡನೆಯ ನೀರು

ಮಾರ್ಚ್ ತಿಂಗಳಲ್ಲಿ ಹುದಿಕೇರಿ ಸುತ್ತ ಕಾಫಿ ಹೂ ಬಿಟ್ಟಾಗ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ನಾನು ಕಿಟಕಿ ಮುಚ್ಚುತ್ತೇನೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಬಾವಿಯ ತಳಕ್ಕೆ ಬಕೆಟ್ ತಾಗಿದ ಸದ್ದು ಕಿವಿಯಲ್ಲಿ ಶುರುವಾಗುತ್ತದೆ. ಹೆಂಡತಿ ಡಾಕ್ಟರಿಗೆ ತೋರಿಸಿ ಅನ್ನುತ್ತಾಳೆ. ನನ್ನ ಕಿವಿಗೆ ಏನೂ ಆಗಿಲ್ಲ, ಅದು ನನಗೆ ಗೊತ್ತು.

ಒಂದೇ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿದ್ದವನು ನಾನು. ಹಾಜರಿ, ಕೆಲಸ ಹಂಚುವುದು, ಪಂಪು, ಪೈಪು ಎಲ್ಲ ನನ್ನ ತಲೆ ಮೇಲೆ. ರೊಬಸ್ಟಾ ಗಿಡಕ್ಕೆ ಬೇಸಿಗೆಯಲ್ಲಿ ಎರಡು ಸಲ ನೀರು ಬೇಕು. ಮೊದಲನೆಯದು ಹೂವಿಗೆ. ಮೊಗ್ಗು ಕಾದು ಕೂತಿರುತ್ತದೆ. ಸ್ಪ್ರಿಂಕ್ಲರ್ ಹಾರಿಸಿದರೆ ಎಂಟೊಂಬತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಎರಡನೆಯದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ಅದು ಮೊದಲನೆಯದಾಗಿ ಇಪ್ಪತ್ತು ದಿನದೊಳಗೆ ಬೀಳದಿದ್ದರೆ ಕಾಯಿ ನಿಲ್ಲುವುದಿಲ್ಲ.

ನಮ್ಮ ಕೆರೆಯೊಳಗೆ ಒಂದು ಕಲ್ಲಿತ್ತು, ತೋಟದ ಸಾಹುಕಾರರ ತಂದೆ ನೆಡಿಸಿದ್ದು. ಕಲ್ಲಿನ ತಲೆ ಕಂಡ ದಿನ ಪಂಪು ನಿಲ್ಲಬೇಕು. ಅದರ ಕೆಳಗಿನ ನೀರು ಲೈನಿನವರದು. ಕೆರೆ ಏರಿಯ ಕೆಳಗೇ ಕೆಲಸದವರ ಲೈನ್ ಮನೆಗಳು, ಅವರ ಬಾವಿಗೆ ಒರತೆ ಬರುತ್ತಿದ್ದುದು ಈ ಕೆರೆಯಿಂದಲೇ.

ಕಾಫಿಗೆ ಎಂದೂ ಕಾಣದ ರೇಟು ಬಂದ ವರ್ಷ ಎಲ್ಲರಿಗೂ ತಲೆ ತಿರುಗಿತು. ಸಾಹುಕಾರರ ಜಗಲಿಯ ಟಿವಿಯಲ್ಲಿ ದಿನಾ ಅದೇ ಮಾತು, ದೇಶ ಓಡುತ್ತಿದೆ, ಹಿಂದೆ ಬಿದ್ದವನು ಕೆಟ್ಟ. ಹೊಸದಾಗಿ ಗಿಡ ಹಾಕಿದ ಮೇಲಿನ ಗುಡ್ಡಕ್ಕೂ ಈ ಸಲ ನೀರು ಕೊಡಲಾಗುತ್ತದಾ ಎಂದು ಅವರು ಕೇಳಿದರು. ಆಗುವುದಿಲ್ಲ ಅಂದಿದ್ದರೆ ಮುಗಿಯುತ್ತಿತ್ತು, ಅವರು ಹಟ ಹಿಡಿಯುವ ಜಾತಿಯಲ್ಲ. ಪಕ್ಕದ ತೋಟದ ರೈಟರುಗಳೆಲ್ಲ ಆಗುತ್ತದೆ ಅಂದಿದ್ದರು; ನಾನೊಬ್ಬ ಆಗದು ಅಂದರೆ ನನ್ನ ಮರ್ಯಾದೆ ಏನಾಗಬೇಕು? ಆಗುತ್ತದೆ ಅಂದೆ. ಸೊಕ್ಕು, ಇನ್ನೇನು.

ಲೈನಿನಲ್ಲಿ ಒಬ್ಬ ಅಕ್ಕ ಇದ್ದರು. ನಾನು ಕೆಲಸಕ್ಕೆ ಸೇರಿದಾಗ ಕಾಫಿ ಗಿಡದ ಯಾವ ರೆಕ್ಕೆ, ಅಂದರೆ ಕೊಂಬೆ, ಕಡಿಯಬೇಕು, ಯಾವುದು ಬಿಡಬೇಕು ಎಂದು ಕೈಹಿಡಿದು ತೋರಿಸಿದವರು. ಮಗಳು ಎಷ್ಟು ಕರೆದರೂ ಹೋಗದೆ, ತನ್ನ ಕೋಣೆ, ತನ್ನ ಬಾವಿ ಎಂದು ಅಲ್ಲೇ ಇದ್ದರು. ನಾವು ಗುಡ್ಡಕ್ಕೆ ಪೈಪು ಹೊರುವುದನ್ನು ಕಂಡು ದಾರಿಗೆ ಅಡ್ಡ ನಿಂತರು.

"ಮೊದ್ಲ ನೀರು ಯಾರ್ ಬೇಕಾದ್ರೂ ಕೊಡ್ತಾರೆ ರೈಟ್ರೇ. ಎರಡ್ನೇದು ಎಲ್ಲಿಟ್ಟಿದ್ದೀರಿ?"

ನಕ್ಕುಬಿಟ್ಟೆ. ಅಷ್ಟರೊಳಗೆ ಮಳೆ ಬರುತ್ತದೆ ಅಂದೆ. ನಿಮ್ಮ ಬಾವಿಗೆ ಕೈ ಹಾಕುವುದಿಲ್ಲ ಎಂದು ಮಾತೂ ಕೊಟ್ಟೆ.

ಹೂವೇನೋ ಬಂತು. ಗುಡ್ಡದ ತುದಿಯವರೆಗೂ ಬಿಳಿ. ಮಳೆ ಬರಲಿಲ್ಲ. ಹತ್ತೊಂಬತ್ತನೆಯ ದಿನ ಕಲ್ಲಿನ ತಲೆ ಕಂಡಿತು, ಅರ್ಧ ತೋಟಕ್ಕೆ ಬ್ಯಾಕಿಂಗ್ ಇನ್ನೂ ಬಾಕಿ. ಸಾಹುಕಾರರು ಮೈಸೂರಿನಲ್ಲಿದ್ದರು, ಫೋನು ಮಾಡಿದರೆ ನೀವೇ ನೋಡಿ ಮಾಡಿ ಅಂದರು. ನಾನೇ ಚಪ್ಪಲಿ ಬಿಟ್ಟು ಕೆಸರಿಗಿಳಿದು ಪೈಪಿನ ಬಾಯನ್ನು ಕಲ್ಲಿನ ಆಚೆಗೆ, ಆಳಕ್ಕೆ ತಳ್ಳಿದೆ. ಪಂಪು ಎರಡು ದಿನ ಓಡಿತು.

ಮೂರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ಲೈನಿನ ಬಾವಿಯ ಕಡೆಯಿಂದ ಟಣ್ ಎಂದು ಸದ್ದು. ಮತ್ತೆ ಟಣ್. ಓಡಿಹೋದೆ. ಅಕ್ಕ ಹಗ್ಗ ಹಿಡಿದು ನಿಂತಿದ್ದರು, ಬಕೆಟಿನಲ್ಲಿ ಒಂದು ಹಿಡಿ ಕೆಸರು. ನನ್ನನ್ನು ನೋಡಿ ಮತ್ತೆ ಬಕೆಟ್ ಇಳಿಸಿದರು. ಬೈದಿದ್ದರೆ ನಾನು ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ.

ಟ್ಯಾಂಕರಿಗೆ ಹೇಳಿದೆ. ಅದು ಬಂದದ್ದು ನಾಲ್ಕು ದಿನ ಬಿಟ್ಟು. ಅಷ್ಟರಲ್ಲಿ ಹೆಂಗಸರೆಲ್ಲ ಕೆಳಗೆ ಹರಿಯುವ ತೋಡಿಗೆ ಇಳಿದು ನೀರು ಹೊರುತ್ತಿದ್ದರು. ತುಂಬಿದ ಕೊಡ ಹೊತ್ತು ಹತ್ತುವಾಗ ಅಕ್ಕ ಜಾರಿಬಿದ್ದು ಸೊಂಟ ಮುರಿದುಕೊಂಡರು. ಮಗಳು ಶಿರಂಗಾಲದ ಕಡೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಮಳೆಗಾಲದ ಹೊತ್ತಿಗೆ ಲೈನಿನ ಬೇರೆಯವರೂ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಕೆಲಸದವರು ಎಲ್ಲಿಗೆ ಬೇಡ ಹೇಳಿ?

ಆ ವರ್ಷ ರೆಕ್ಕೆ ಬಾಗುವಷ್ಟು ಫಸಲು. ಜನವರಿಯಲ್ಲಿ ಹಣ್ಣು ಕೊಯ್ಯುವ ಪಿಕಿಂಗಿಗೆ ಜನವಿಲ್ಲ. ಜೀಪು ತೆಗೆದುಕೊಂಡು ಊರೂರು ಅಲೆದೆ. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರಿತು. ಈಗಲೂ ಟಿವಿಯಲ್ಲಿ ಕೋಟು ಹಾಕಿದವರು ದೇಶದ ಈ ಓಟ ಇನ್ನೆಷ್ಟು ವರ್ಷ ಎಂದು ಕಿತ್ತಾಡುವಾಗ, ಎರಡನೆಯದು ಎಲ್ಲಿಟ್ಟಿದ್ದೀರಿ ಎಂದು ಅಕ್ಕ ಕೇಳಿದ್ದನ್ನೇ ಅವರನ್ನೂ ಕೇಳಬೇಕು ಅನಿಸುತ್ತದೆ.

ಆ ಜನವರಿಯಲ್ಲೇ ಅಕ್ಕನ ಮಗಳ ಮನೆಗೆ ಹೋದೆ. ನೋಡಲು ಹೋದೆ ಅಂದುಕೊಳ್ಳಬೇಡಿ. ಅವರು ಒಂದು ಮಾತು ಹೇಳಿದರೆ ಬಿಟ್ಟುಹೋದವರು ಪಿಕಿಂಗಿಗೆ ಬಂದಾರು ಎಂಬ ಆಸೆ. ಥೂ, ನನ್ನ ಜನ್ಮಕ್ಕೆ. ಬಾವಿ ತುಂಬಿದೆ ಅಕ್ಕ, ಕೈಗೆ ಸಿಗುವಷ್ಟಿದೆ ಅಂದೆ. ಅವರು ಮಲಗಿದ್ದಲ್ಲಿಂದಲೇ ನನ್ನ ಕಡೆ ತಿರುಗಿದರು.

"ಈಗ ಎಲ್ಲಾ ಬಾವೀಲೂ ನೀರಿರ್ತದೆ ರೈಟ್ರೇ. ಮಾರ್ಚಲ್ಲಿ ಬಂದು ಹೇಳಿ."

ಆ ಮಾರ್ಚಿನಲ್ಲಿ ಗುಡ್ಡಕ್ಕೆ ಪೈಪು ಹೊರಿಸಲಿಲ್ಲ. ಸಾಹುಕಾರರಿಗೆ ಆಗುವುದಿಲ್ಲ ಅಂದೆ, ಅವರು ಸರಿ ಅಂದರು. ಅಷ್ಟೇ ಇದ್ದದ್ದು. ಬ್ಯಾಕಿಂಗ್ ಮುಗಿದರೂ ಕಲ್ಲು ಕಾಣಲಿಲ್ಲ. ಲೈನಿನ ಬಾವಿಯಿಂದ ಒಂದು ಬಾಟಲಿ ನೀರು ಸೇದಿಕೊಂಡು ಶಿರಂಗಾಲದ ಬಸ್ಸು ಹತ್ತಿದೆ.

ಅಕ್ಕ ತೀರಿಹೋಗಿ ಹನ್ನೊಂದು ದಿನವಾಗಿತ್ತು. ಮಗಳು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಬಾಗಿಲ ಪಕ್ಕದ ದಾಸವಾಳದ ಬುಡಕ್ಕೆ ಪೂರ್ತಿ ಸುರಿದು, ಖಾಲಿ ಬಾಟಲಿಯನ್ನು ವಾಪಸ್ ಕೊಟ್ಟಳು.