ಪೈಲಟ್‌ನ ಅಮ್ಮನಿಗೆ ಹೇಳಿದವರು ಯಾರು?

ಗೆಳೆಯರೇ, ಇವತ್ತು ದೊಡ್ಡಬಳ್ಳಾಪುರದ ಥಿಯೇಟರಿನಲ್ಲಿ ನನ್ನ ಮಾನ ಹೋಯಿತು. ದೊಡ್ಡಮ್ಮನನ್ನು ಯುದ್ಧದ ಸಿನಿಮಾಕ್ಕೆ ಕರೆದೊಯ್ದಿದ್ದೆ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ದುಡಿದವಳು, ಪಿಸುಮಾತು ಗೊತ್ತೇ ಇಲ್ಲ.

ವಿಮಾನ ಬಿದ್ದ ಸುದ್ದಿ ಕೇಳಿ ಪೈಲಟ್‌ನ ಅಮ್ಮ ಮನೆಯಲ್ಲಿ ಅಳುತ್ತಾ ಕೂತಿದ್ದಳು. ಪೈಲಟ್ ಶತ್ರುಗಳ ಊರಿನ ಹುಲ್ಲಿನ ಬಣವೆಯಲ್ಲಿ ಅಡಗಿದ್ದ. ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. "ಹಿಂದ್ಗಡೆ ಬರ್ತಾವ್ರೆ, ಓಡೋ ಮಗಾ!" ಎಂದು ದೊಡ್ಡಮ್ಮ ಕೂಗಿದಳು.

ಮುಂದಿನ ಸೀಟಿನವರು ತಿರುಗಿದರು. "ಸ್ವಲ್ಪ ಮೆಲ್ಲಗೆ ಮಾತಾಡಮ್ಮಾ."

"ಅವ್ನಿಗೆ ಕೇಳಿಸ್ಬೇಕಲ್ಲಪ್ಪಾ!"

ಕೊನೆಗೆ ಹೆಲಿಕಾಪ್ಟರ್ ಬಂದು ಪೈಲಟ್‌ನನ್ನು ಎತ್ತಿಕೊಂಡು ಹೋಯಿತು. ದೀಪ ಹತ್ತಿತು, ಜನ ಎದ್ದರು. ದೊಡ್ಡಮ್ಮ ಏಳಲಿಲ್ಲ. "ಅವ್ರಮ್ಮಂಗೆ ಯಾರೂ ಹೇಳ್ಲೇ ಇಲ್ವಲ್ಲಾ? ಆ ತಾಯಿ ಇನ್ನೂ ಅಳ್ತಾ ಕೂತವ್ಳೆ!" ನಾನು ಕೈ ಹಿಡಿದು ಎಳೆದರೂ ಕದಲಲಿಲ್ಲ.

ಮುಂದಿನ ಸೀಟಿನವರೇ ಬಗ್ಗಿ ಹೇಳಿದರು: "ಹೆಲಿಕಾಪ್ಟರಿಂದ್ಲೇ ಫೋನ್ ಮಾಡಿದ್ರಮ್ಮಾ. ನಾನೇ ನೋಡ್ದೆ."

"ಹೌದಾ? ನಾನಾಗ ಕಣ್ಣು ಒರೆಸ್ಕೊಂತಿದ್ದೆ" ಎನ್ನುತ್ತಾ ದೊಡ್ಡಮ್ಮ ಎದ್ದಳು.

ಸಿನಿಮಾದಲ್ಲಿ ಅಂಥ ದೃಶ್ಯವೇ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ದೊಡ್ಡಮ್ಮ ಹೇಳಿಕೊಂಡು ಬಂದದ್ದು ಮಾತ್ರ ಅದನ್ನೇ. ಇಡೀ ಚಿತ್ರದಲ್ಲಿ ಅದೊಂದೇ ಬಹಳ ಚೆನ್ನಾಗಿ ತೆಗೆದಿದ್ದಾರಂತೆ.